ನಿತ್ಯತ್ವ

ನಿತ್ಯತ್ವ ಎಂದರೆ ಆದಿಯೂ ಅಂತ್ಯವೂ ಇಲ್ಲದೆ ಇರುವಿಕೆ. ಭಾರತೀಯ ದರ್ಶನಗಳಲ್ಲಿ ಕಾಲ, ಆತ್ಮ, ಬ್ರಹ್ಮ ಮತ್ತು ವೇದಗಳ ಕುರಿತ ಚರ್ಚೆಯಲ್ಲಿ ಇದು ಪ್ರಮುಖ ಪರಿಕಲ್ಪನೆಯಾಗಿದೆ. ಪರಿಮಿತ ಬುದ್ಧಿಯ ಮನುಷ್ಯನು ನಿತ್ಯವಾದುದನ್ನು ಅರಿಯಬಲ್ಲನೇ, ಅಥವಾ ಅದು ಅವನ ಅರಿವಿಗೆ ಎಟುಕದೆ ಉಳಿಯುತ್ತದೆಯೇ ಎಂಬುದು ಇಲ್ಲಿನ ಮೂಲ ಪ್ರಶ್ನೆ. ಈ ವಿಷಯದಲ್ಲಿ ದ್ವೈತ ವೇದಾಂತದ ನಿಲುವನ್ನು ತರ್ಕದಿಂದ ಸಮರ್ಥಿಸಿದವರಲ್ಲಿ ವ್ಯಾಸತೀರ್ಥರು ಪ್ರಮುಖರು. ಅವರ ಗುರುಪರಂಪರೆಯು ಚನ್ನಪಟ್ಟಣ ತಾಲ್ಲೂಕಿನ ಅಬ್ಬೂರಿನೊಂದಿಗೆ ನಂಟು ಹೊಂದಿದೆ.

ದೀರ್ಘಕಾಲ ಮತ್ತು ನಿತ್ಯತ್ವ

ಬಹುಕಾಲ ಉಳಿಯುವುದು ನಿತ್ಯತ್ವವಲ್ಲ. ರಾಮನಗರದ ಬೆಟ್ಟಗಳು ಹಾಗೂ ಮಾಗಡಿ ತಾಲ್ಲೂಕಿನ ಸಾವನದುರ್ಗ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲೆಯಿಂದಾಗಿವೆ. ರಾಮನಗರದ ಹಳೆಯ ಹೆಸರಿನಿಂದ ಗುರುತಿಸಲಾಗುವ ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಪುರಾಣಗಳಲ್ಲಿ ಬ್ರಹ್ಮನ ಒಂದು ಹಗಲಾದ ಕಲ್ಪಕ್ಕೆ 432 ಕೋಟಿ ವರ್ಷಗಳು. ಇವೆರಡಕ್ಕೂ ಲೆಕ್ಕವಿದೆ, ಆರಂಭವಿದೆ. ಆದ್ದರಿಂದ ಇವು ನಿತ್ಯವೆನಿಸುವುದಿಲ್ಲ.

ಅಬ್ಬೂರಿನ ಪರಂಪರೆ

ಅಬ್ಬೂರು ಶ್ರೀಪಾದರಾಜರ ಜನ್ಮಸ್ಥಳ. ಬ್ರಹ್ಮಣ್ಯತೀರ್ಥರ ಬೃಂದಾವನವೂ ಇಲ್ಲಿದೆ. ವ್ಯಾಸತೀರ್ಥರು (ನಿಧನ: 1539) ಬ್ರಹ್ಮಣ್ಯತೀರ್ಥರಿಂದ ಸಂನ್ಯಾಸ ಸ್ವೀಕರಿಸಿ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಶಾಸ್ತ್ರಾಧ್ಯಯನ ಮಾಡಿದರು. ಅವರ ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ ಮತ್ತು ತರ್ಕತಾಂಡವ ಗ್ರಂಥಗಳು ಒಟ್ಟಾಗಿ ವ್ಯಾಸತ್ರಯ ಎನಿಸಿವೆ.

ದ್ವೈತದ ನಿಲುವು

ಮಧ್ವಾಚಾರ್ಯರ ತತ್ತ್ವಸಂಖ್ಯಾನವು ಅಚೇತನ ಪದಾರ್ಥಗಳನ್ನು ನಿತ್ಯ, ಅನಿತ್ಯ ಮತ್ತು ನಿತ್ಯಾನಿತ್ಯ ಎಂದು ವಿಂಗಡಿಸುತ್ತದೆ. ವೇದಗಳು ನಿತ್ಯ, ಕಾಲವು ನಿತ್ಯಾನಿತ್ಯ. ಒಂದೊಂದು ಕ್ಷಣವೂ ಹುಟ್ಟಿ ಅಳಿಯುತ್ತದೆ, ಆದರೆ ಕ್ಷಣಗಳ ಪ್ರವಾಹಕ್ಕೆ ಆದಿ ಅಂತ್ಯಗಳಿಲ್ಲ.

ನ್ಯಾಯ ವೈಶೇಷಿಕರು ಕಾಲವನ್ನು ಅನುಮಾನದಿಂದ ತಿಳಿಯಬೇಕೆನ್ನುತ್ತಾರೆ. ದ್ವೈತದಲ್ಲಿ ಅದನ್ನು ಸಾಕ್ಷಿಯು, ಅಂದರೆ ಆತ್ಮದ ಸ್ವರೂಪವೇ ಆದ ಇಂದ್ರಿಯವು, ನೇರವಾಗಿ ಗ್ರಹಿಸುತ್ತದೆ. ಗಾಢನಿದ್ರೆಯಲ್ಲಿ ಹೊರಗಿನ ಇಂದ್ರಿಯಗಳೂ ಮನಸ್ಸೂ ಕೆಲಸ ಮಾಡುವುದಿಲ್ಲ. ಆದರೂ ಎದ್ದವನಿಗೆ "ಇಷ್ಟು ಹೊತ್ತು ಸುಖವಾಗಿ ಮಲಗಿದ್ದೆ" ಎಂಬ ನೆನಪಿರುತ್ತದೆ. ಆ ಹೊತ್ತನ್ನು ಅನುಭವಿಸಿದ್ದು ಸಾಕ್ಷಿ ಎಂಬುದು ಈ ವಾದ. ಅಲ್ಲದೆ, "ಅದಕ್ಕಿಂತ ಮೊದಲು ಕಾಲವಿರಲಿಲ್ಲ" ಎನ್ನುವವನು "ಮೊದಲು" ಎಂಬ ಮಾತಿನಲ್ಲೇ ಕಾಲವನ್ನು ಒಪ್ಪಿರುತ್ತಾನೆ.

ಇತರ ನಿಲುವುಗಳು

ಅದ್ವೈತದಲ್ಲಿ ಕಾಲವು ಅವಿದ್ಯೆಯ ವ್ಯಾಪ್ತಿಗೆ ಸೇರಿದ್ದು; ಪರಮಾರ್ಥದಲ್ಲಿ ನಿತ್ಯವಾದುದು ಬ್ರಹ್ಮವೊಂದೇ. ನ್ಯಾಯಾಮೃತದ ಆಕ್ಷೇಪಗಳಿಗೆ ಮಧುಸೂದನ ಸರಸ್ವತಿಯವರು ಅದ್ವೈತಸಿದ್ಧಿಯಲ್ಲಿ ಉತ್ತರಿಸಿದರು. ಬೌದ್ಧರ ಕ್ಷಣಿಕವಾದವು ಸ್ಥಿರವಾದ ಆತ್ಮವನ್ನೇ ಒಪ್ಪುವುದಿಲ್ಲ. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1781ರಲ್ಲಿ, ಜಗತ್ತಿಗೆ ಕಾಲದಲ್ಲಿ ಆರಂಭವಿದೆಯೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡಾಗ ಬುದ್ಧಿಯು ತನ್ನೊಳಗೇ ವಿರೋಧಕ್ಕೆ ಸಿಲುಕುತ್ತದೆ ಎಂದು ವಾದಿಸಿದನು.

ಅರಿವಿನ ಮಿತಿ

ನಿತ್ಯವಾದುದು ಇದೆ ಎಂದು ಅರಿಯುವುದೂ ಅದನ್ನು ಪೂರ್ಣವಾಗಿ ಅರಿಯುವುದೂ ಬೇರೆಬೇರೆ ಎಂಬುದು ದ್ವೈತದ ಸಮಾಧಾನ. ಅನಂತಗುಣಗಳ ಬ್ರಹ್ಮವನ್ನು ಶಾಸ್ತ್ರದಿಂದ ತಿಳಿಯಬಹುದು, ಆದರೆ ಸಂಪೂರ್ಣವಾಗಿ ತಿಳಿಯಲಾಗದು. ಹೀಗೆ ಈ ದರ್ಶನದಲ್ಲಿ ನಿತ್ಯತ್ವವು ಮನುಷ್ಯನ ಅರಿವಿಗೆ ಹೊರತಾದುದಲ್ಲ, ಅದಕ್ಕಿಂತ ಹಿರಿದಾದುದು.