ವಂಕಿ: ಅನುಮಾನ ಬಿಡಿ, ತಿಳಿದು ಬಳಸಿ

ಮೊದಲ ಮಗುವಿಗೆ ಇನ್ನೂ ವರ್ಷ ತುಂಬಿಲ್ಲ. ಎರಡನೆಯದು ಸದ್ಯಕ್ಕೆ ಬೇಡ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಕಾಲವೂ ಅಲ್ಲ. ಇಂಥ ದಂಪತಿಗಳಿಗೆ ಒಪ್ಪುವ ಸಾಧನ ಕಾಪರ್-ಟಿ, ಅಂದರೆ ವಂಕಿ. ಆದರೆ ನೆರೆಹೊರೆಯವರ ಮಾತು ಕೇಳಿ ಹಿಂಜರಿಯುವವರು ಬಹಳ. ಹಾಗೆ ಹಿಂಜರಿದು, ಮುಟ್ಟು ನಿಂತ ಮೇಲೆ ಗರ್ಭಪಾತಕ್ಕೆಂದು ಆಸ್ಪತ್ರೆಗೆ ಓಡುವುದಕ್ಕಿಂತ ಮೊದಲೇ ವಿಷಯ ತಿಳಿದುಕೊಳ್ಳುವುದು ಮೇಲಲ್ಲವೇ?

ವಂಕಿ ಹೇಗೆ ಕೆಲಸ ಮಾಡುತ್ತದೆ?

ಇದು ‘ಟಿ’ ಅಕ್ಷರದ ಆಕಾರದ ಪುಟ್ಟ ಪ್ಲಾಸ್ಟಿಕ್ ಸಾಧನ. ಅದರ ಮೇಲಿನ ತಾಮ್ರವು ವೀರ್ಯಾಣುಗಳ ಚಲನೆಯನ್ನು ಕುಂದಿಸಿ, ಅವು ಅಂಡಾಣುವನ್ನು ಸೇರದಂತೆ ತಡೆಯುತ್ತದೆ. ನೂರು ಮಂದಿ ಬಳಸಿದರೆ ಮೊದಲ ವರ್ಷದಲ್ಲಿ ಗರ್ಭ ನಿಲ್ಲುವುದು ಒಬ್ಬರಿಗಿಂತಲೂ ಕಡಿಮೆ. ಕಾಪರ್-ಟಿ 380ಎ ಮಾದರಿ 10 ವರ್ಷ, 375 ಮಾದರಿ 5 ವರ್ಷ ರಕ್ಷಣೆ ಕೊಡುತ್ತದೆ.

ಯಾವಾಗ ಹಾಕಿಸಿಕೊಳ್ಳಬೇಕು?

ಮುಟ್ಟು ಶುರುವಾದ 12 ದಿನಗಳೊಳಗೆ ಅನುಕೂಲ. ಗರ್ಭಿಣಿಯಲ್ಲವೆಂದು ಖಚಿತವಾದರೆ ಬೇರೆ ದಿನಗಳಲ್ಲೂ ಹಾಕಬಹುದು. ಹೆರಿಗೆಯಾದ 48 ಗಂಟೆಯೊಳಗೆ, ಇಲ್ಲವೇ 6 ವಾರ ಕಳೆದ ಮೇಲೆ ಹಾಕಿಸಿಕೊಳ್ಳಬಹುದು. ಎದೆಹಾಲಿಗೆ ತೊಂದರೆಯಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಆದರೆ ಒಂದು ಮಾತು: ಹೆರಿಗೆಯ ಹೊತ್ತಿನಲ್ಲಿ ಹಾಕುವುದಾದರೂ ತಾಯಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಲೇಬೇಕು. ಗಂಡನೋ ಅತ್ತೆಯೋ ಒಪ್ಪಿದರೆ ಅದು ಅವಳ ಒಪ್ಪಿಗೆಯಾಗದು.

ಎದೆಗೆ ಏರಿಬಿಡುತ್ತದಂತೆ, ನಿಜವೇ?

ಇಲ್ಲ. ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ತೀರಾ ಅಪರೂಪಕ್ಕೆ, ಹಾಕುವಾಗ ಗರ್ಭಕೋಶದ ಗೋಡೆ ತೂತಾಗಿ ವಂಕಿ ಹೊಟ್ಟೆಯೊಳಗೆ ಸೇರಬಹುದು. ಆದ್ದರಿಂದಲೇ ತರಬೇತಿ ಪಡೆದವರ ಕೈಯಲ್ಲಿ ಹಾಕಿಸಿಕೊಳ್ಳಬೇಕು. ಮೊದಲ ಕೆಲವು ತಿಂಗಳಲ್ಲಿ ಅದು ಹೊರಜಾರುವುದೂ ಉಂಟು. ಮೊದಲ ಮುಟ್ಟಿನ ನಂತರ ಒಮ್ಮೆ ಪರೀಕ್ಷೆ ಮಾಡಿಸಿ.

ರಕ್ತಸ್ರಾವ ಹೆಚ್ಚಾಗುವುದೇ?

ಹೌದು, ಇದನ್ನು ಮುಚ್ಚಿಡಬಾರದು. ಮೊದಲ 3ರಿಂದ 6 ತಿಂಗಳು ಮುಟ್ಟು ಹೆಚ್ಚಾಗಿ ಹೋಗಬಹುದು, ಕಿಬ್ಬೊಟ್ಟೆ ನೋಯಬಹುದು. ಬಹುಮಂದಿಗೆ ಆಮೇಲೆ ಹದಕ್ಕೆ ಬರುತ್ತದೆ. ಮೊದಲೇ ರಕ್ತಹೀನತೆ ಇರುವವರು, ಮುಟ್ಟು ವಿಪರೀತ ಹೋಗುವವರು ವೈದ್ಯರಿಗೆ ಅದನ್ನು ಹೇಳಿ. ಅಂಥವರಿಗೆ ಸ್ರಾವ ಕಡಿಮೆ ಮಾಡುವ ಹಾರ್ಮೋನಿನ ವಂಕಿಯೂ ಇದೆ.

ಯಾರಿಗೆ ಇದು ಬೇಡ?

ಕಿಬ್ಬೊಟ್ಟೆಯಲ್ಲಿ ಸೋಂಕು ಇರುವವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ, ಗರ್ಭಕೋಶದ ಕ್ಯಾನ್ಸರ್ ಇರುವವರಿಗೆ ಹಾಕುವುದಿಲ್ಲ.

ಯಾವಾಗ ತಡಮಾಡದೆ ವೈದ್ಯರನ್ನು ಕಾಣಬೇಕು?

ಮುಟ್ಟು ತಪ್ಪಿದಾಗ, ಜ್ವರದೊಂದಿಗೆ ಕಿಬ್ಬೊಟ್ಟೆ ನೋವು ಬಂದಾಗ, ದುರ್ವಾಸನೆಯ ಸ್ರಾವವಿದ್ದಾಗ, ವಂಕಿಯ ದಾರ ಕೈಗೆ ಸಿಗದಿದ್ದಾಗ. ವಂಕಿ ಇದ್ದೂ ಗರ್ಭ ನಿಂತರೆ ಅದು ಗರ್ಭನಾಳದಲ್ಲಿ ನಿಂತಿರುವ ಅಪಾಯವುಂಟು, ಅಲಕ್ಷ್ಯ ಸಲ್ಲದು.

ತೆಗೆಸಿದ ಮೇಲೆ ಮಕ್ಕಳಾಗುವುದೇ?

ಆಗುತ್ತದೆ. ತೆಗೆಸಿದ ತಿಂಗಳಲ್ಲೇ ಗರ್ಭ ನಿಲ್ಲಬಹುದು. ಅವಧಿ ಮುಗಿಯುವ ಮೊದಲೇ ಬೇಡವೆನಿಸಿದರೂ ತೆಗೆಸಿಕೊಳ್ಳುವ ಹಕ್ಕು ನಿಮಗಿದೆ. ನೀವೇ ಎಳೆದು ತೆಗೆಯಲು ಮಾತ್ರ ಹೋಗಬೇಡಿ.

ವಂಕಿ ಎಚ್‌ಐವಿಯನ್ನಾಗಲಿ ಲೈಂಗಿಕ ರೋಗಗಳನ್ನಾಗಲಿ ತಡೆಯದು. ಅದಕ್ಕೆ ನಿರೋಧ್ ಬೇಕು. ಹಾಕಿಸಿದ ತಾರೀಖು, ಮಾದರಿ ಬರೆದ ಚೀಟಿಯನ್ನು ಮಗುವಿನ ಲಸಿಕೆ ಕಾರ್ಡಿನ ಜೊತೆ ಜೋಪಾನವಾಗಿಡಿ. ವರ್ಷಗಳು ಉರುಳಿದ ಮೇಲೆ ನೆನಪಿಸಲು ಆ ಚೀಟಿಯೇ ಬೇಕಾಗುತ್ತದೆ.