ಬೀಜಕ್ಕೆ ಬಿಡುವ ಗಿಡವೂ ಮನೆಯೊಳಗಿನ ಬೆಳಕೂ: ಕೆಲವು ತಪ್ಪು ಕಲ್ಪನೆಗಳು

ಹಿತ್ತಿಲಿನಲ್ಲಿ ನಾಲ್ಕು ಬದನೆಯ ಗಿಡಗಳನ್ನು ಸಾಕಿದವರಿಂದ ಮೊದಲುಗೊಂಡು, ಮಹಡಿಯ ಕೋಣೆಯೊಂದರಲ್ಲಿ ಎಲ್‌ಇಡಿ ದೀಪಗಳ ಕೆಳಗೆ ಟೊಮೇಟೊ, ಮೆಣಸಿನಕಾಯಿಗಳನ್ನು ಬೆಳೆದು ತಮ್ಮದೇ ಆದ ಒಂದು ತಳಿಯನ್ನು ರೂಪಿಸಬೇಕೆಂದು ಹೊರಟಿರುವ ಇಂದಿನ ನಗರವಾಸಿಗಳವರೆಗೆ, ಸಸ್ಯಪ್ರಿಯರಾದವರು ಎಂದಾದರೊಮ್ಮೆ ಎರಡು ವಿಷಯಗಳಲ್ಲಿ ತೀರ್ಪು ಕೊಡಬೇಕಾಗುತ್ತದೆ: ಯಾವ ಗಿಡವನ್ನು ಬೀಜಕ್ಕೆ ಬಿಡಬೇಕು, ಯಾವ ದೀಪವನ್ನು ಕೊಳ್ಳಬೇಕು. ಈ ಎರಡರಲ್ಲಿಯೂ ನಾವು ಕಣ್ಣನ್ನೇ ನ್ಯಾಯಾಧೀಶನನ್ನಾಗಿ ಕೂರಿಸುವುದು ವಾಡಿಕೆ. ಆದರೆ ಕಣ್ಣು ಗಿಡದ ರೂಪವನ್ನು ಕಾಣುತ್ತದೆಯೇ ಹೊರತು ಅದರ ವಂಶಗುಣವನ್ನು ಕಾಣದು. ದೀಪದ ಪ್ರಖರತೆಯನ್ನು ಗ್ರಹಿಸುತ್ತದೆಯೇ ಹೊರತು ಎಲೆಗೆ ದಕ್ಕುವ ಬೆಳಕನ್ನು ಅಳೆಯಲಾರದು. ಈ ವಿಷಯದಲ್ಲಿ ಬಳಕೆಯಲ್ಲಿರುವ ಭ್ರಮೆಗಳಲ್ಲಿ ಬಹುಪಾಲು ಹುಟ್ಟಿರುವುದು ಇಲ್ಲಿಂದಲೇ. ಅವುಗಳಲ್ಲಿ ಮುಖ್ಯವಾದವನ್ನು ಒಂದೊಂದಾಗಿ ಪರಿಶೀಲಿಸೋಣ.

ತಪ್ಪು ಕಲ್ಪನೆ 1: ಎಲ್ಲಕ್ಕಿಂತ ದೊಡ್ಡ ಕಾಯಿಯನ್ನು ಬೀಜಕ್ಕೆ ಬಿಟ್ಟರೆ ಮುಂದಿನ ಬೆಳೆಯ ಕಾಯಿಗಳೂ ದೊಡ್ಡವಾಗುತ್ತವೆ.

ಸತ್ಯ: ಕಾಯಿಯ ಗಾತ್ರಕ್ಕೆ ಕಾರಣಗಳೆರಡು. ಒಂದು, ಗಿಡವು ತನ್ನ ಪೂರ್ವಿಕರಿಂದ ಪಡೆದುಬಂದ ವಂಶಗುಣ. ಇನ್ನೊಂದು, ಅದು ಬೇರೂರಿದ ನೆಲ, ಅದಕ್ಕೆ ದೊರೆತ ನೀರು, ಗೊಬ್ಬರ, ಬಿಸಿಲುಗಳ ಅನುಕೂಲ. ಇವುಗಳಲ್ಲಿ ಬೀಜದ ಮೂಲಕ ಮುಂದಿನ ತಲೆಮಾರಿಗೆ ದಾಟತಕ್ಕುದು ಮೊದಲನೆಯದೇ. ಬದುವಿನಂಚಿನ ಸಾಲಿನಲ್ಲಿ ನಿಂತ ರಾಗಿಗೆ ಒಂದು ಪಕ್ಕದಲ್ಲಿ ಪೈಪೋಟಿಯೇ ಇಲ್ಲದ ಕಾರಣ ಬೆಳಕೂ ಸಾರವೂ ಯಥೇಚ್ಛವಾಗಿ ದೊರೆತು, ತೆಂಡೆಗಳು ಹೆಚ್ಚಿ, ತೆನೆಗಳು ತುಂಬಿಕೊಂಡು, ದಾರಿಯಲ್ಲಿ ಹೋಗುವವರ ದೃಷ್ಟಿಯನ್ನು ಸೆಳೆಯುತ್ತದೆ. ಅದರ ಬೀಜವನ್ನು ಹೊಲದ ನಡುವೆ ಬಿತ್ತಿದರೆ ಆ ವೈಭವ ಕಾಣಸಿಗದು. ಏಕೆಂದರೆ ಆ ವೈಭವ ಬದುವಿನದಾಗಿತ್ತು, ಬೀಜದ್ದಾಗಿರಲಿಲ್ಲ.

ಈ ಭೇದವನ್ನು ಪ್ರಯೋಗದಿಂದ ಸ್ಥಾಪಿಸಿದವನು ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೋಹಾನ್ಸೆನ್. 1903ರಲ್ಲಿ ಆತನು ಪ್ರಕಟಿಸಿದ ಹುರುಳಿಕಾಯಿಯ ಪ್ರಯೋಗಗಳಲ್ಲಿ, ಬೆರಕೆಯಾದ ಬೀಜದ ರಾಶಿಯಿಂದ ದಪ್ಪ ಕಾಳುಗಳನ್ನು ಆಯ್ದು ಬಿತ್ತಿದಾಗ ಸಂತತಿಯ ಸರಾಸರಿ ತೂಕ ಏರಿತು. ಆದರೆ ಒಂದೇ ಗಿಡದಿಂದ ಸ್ವಕೀಯ ಪರಾಗಸ್ಪರ್ಶದ ಮೂಲಕ ಇಳಿದುಬಂದ 19 ಶುದ್ಧವಂಶಗಳಲ್ಲಿ ಯಾವುದನ್ನು ನೋಡಿದರೂ, ಅದರೊಳಗೆ ದಪ್ಪ ಕಾಳನ್ನು ಬಿತ್ತಿದರೂ ಸಣ್ಣ ಕಾಳನ್ನು ಬಿತ್ತಿದರೂ ಮುಂದಿನ ಬೆಳೆಯ ಸರಾಸರಿಯಲ್ಲಿ ಭೇದ ಕಾಣಲಿಲ್ಲ. ವಂಶದೊಳಗೆ ಭಿನ್ನತೆಯೇ ಇಲ್ಲದಿರುವಲ್ಲಿ ಆಯ್ಕೆಗೆ ಹಿಡಿಯಲು ಏನೂ ಸಿಗದು. ಟೊಮೇಟೊ ಕೂಡ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ, ಸ್ಥಿರಗೊಂಡ ತಳಿಯ ಒಂದು ಗಿಡದಲ್ಲಿನ ಅತಿ ದೊಡ್ಡ ಹಣ್ಣಿನ ಬೀಜಕ್ಕೂ ಅತಿ ಚಿಕ್ಕ ಹಣ್ಣಿನ ಬೀಜಕ್ಕೂ ವಂಶಗುಣದಲ್ಲಿ ವ್ಯತ್ಯಾಸವಿಲ್ಲ. ಆದಕಾರಣ ಆರಿಸಬೇಕಾದುದು ಹಣ್ಣನ್ನಲ್ಲ, ಇಡೀ ಗಿಡವನ್ನು. ಅದನ್ನಾದರೂ ಅಂಚಿನ ಸಾಲುಗಳನ್ನು ಬಿಟ್ಟು, ಸಮಾನವಾದ ನೆಲದಲ್ಲಿ ನಿಂತ ನೆರೆಯ ಗಿಡಗಳೊಡನೆ ಹೋಲಿಸಿ ಆರಿಸುವುದು ಯುಕ್ತ. ಫ್ರಾನ್ಸಿನ ಲೂಯಿ ದ ವಿಲ್ಮೊರಿನ್ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿಯೇ ಸಕ್ಕರೆ ಬೀಟಿನ ತಳಿಗಳನ್ನು ಸುಧಾರಿಸುತ್ತ, ಒಂದೊಂದು ಗಿಡದ ಬೀಜವನ್ನೂ ಬೇರೆಬೇರೆಯಾಗಿ ಬಿತ್ತಿ, ತಾಯಿಯ ಯೋಗ್ಯತೆಯನ್ನು ಮಕ್ಕಳಿಂದ ನಿರ್ಣಯಿಸುವ ಕ್ರಮವನ್ನು ಆಚರಣೆಗೆ ತಂದಿದ್ದನು. ಇಂದಿಗೂ ಅದಕ್ಕಿಂತ ನೆಚ್ಚತಕ್ಕ ಪರೀಕ್ಷೆ ಹಿತ್ತಿಲಿನ ತಳಿಗಾರನಿಗೆ ಬೇರೆಯಿಲ್ಲ.

ತಪ್ಪು ಕಲ್ಪನೆ 2: ಒಳ್ಳೆಯ ಗಿಡದ ಬೀಜದಿಂದ ಅಂತಹುದೇ ಗಿಡ ಹುಟ್ಟುತ್ತದೆ.

ಸತ್ಯ: ಹೈಬ್ರಿಡ್ ಬೀಜದ ಗಿಡಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತವೆಯಾದರೂ, ಅವುಗಳಿಂದ ತೆಗೆದ ಬೀಜವನ್ನು ಬಿತ್ತಿದಾಗ ಅಡಗಿದ್ದ ಗುಣಗಳು ಬಿಚ್ಚಿಕೊಂಡು, ಕೆಲವು ಅಜ್ಜನನ್ನೂ ಕೆಲವು ಅಜ್ಜಿಯನ್ನೂ ಹೋಲುವ, ಇನ್ನು ಕೆಲವು ಯಾರನ್ನೂ ಹೋಲದ ಗಿಡಗಳು ಮೇಲೇಳುತ್ತವೆ. ಬಾದಾಮಿ ಮಾವಿನ ಓಟೆಯಿಂದ ಬೆಳೆದ ಮರ ಬಾದಾಮಿಯಾಗದೆ, ಆ ಗುಣ ಬೇಕಾದವರು ಕಸಿ ಕಟ್ಟಿಯೇ ತೀರಬೇಕಾದುದಕ್ಕೂ ಇದೇ ಕಾರಣ. ಸೌತೆ, ಸೋರೆ, ಕುಂಬಳ, ಮುಸುಕಿನ ಜೋಳಗಳಂತಹ ಬೆಳೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ: ತಾಯಿಯನ್ನು ನಾವು ಎಷ್ಟೇ ಜಾಗರೂಕರಾಗಿ ಆರಿಸಿದರೂ, ತಂದೆಯನ್ನು ಆರಿಸುವುದು ಜೇನ್ನೊಣ ಅಥವಾ ಗಾಳಿ. ಸಂಜೆಯೇ ಹೆಣ್ಣು ಮೊಗ್ಗಿನ ತುದಿಯನ್ನು ದಾರದಿಂದ ಕಟ್ಟಿಟ್ಟು, ಮರುದಿನ ಬೆಳಗ್ಗೆ ನಮಗೆ ಬೇಕಾದ ಗಂಡು ಹೂವಿನ ಪರಾಗವನ್ನು ಮುಟ್ಟಿಸಿ ಮತ್ತೆ ಕಟ್ಟುವುದರಿಂದ ಕುಂಬಳದ ಜಾತಿಯಲ್ಲಿ ಈ ತೊಡಕನ್ನು ಪರಿಹರಿಸಿಕೊಳ್ಳಬಹುದು. ಮುಸುಕಿನ ಜೋಳದಲ್ಲಾದರೋ ಒಂದೆರಡು ಗಿಡಗಳಿಂದಲೇ ಬೀಜ ಹಿಡಿಯುತ್ತ ಹೋದರೆ ಕೆಲವೇ ತಲೆಮಾರುಗಳಲ್ಲಿ ವಂಶ ಕೃಶವಾಗುವುದು. ಅಲ್ಲಿ ಅನೇಕ ಗಿಡಗಳ ಬೀಜವನ್ನು ಕಲಸಿ ಉಳಿಸಿಕೊಳ್ಳುವುದೇ ಕ್ಷೇಮ.

ತಪ್ಪು ಕಲ್ಪನೆ 3: ಎರಡು ತಳಿಗಳನ್ನು ಕೂಡಿಸಿದೊಡನೆ ಹೊಸ ತಳಿ ಸಿದ್ಧವಾಯಿತು.

ಸತ್ಯ: ಸಂಕರವೆಂಬುದು ಕಾರ್ಯದ ಆರಂಭ ಮಾತ್ರ. ರಾಗಿ ಲಕ್ಷ್ಮಣಯ್ಯನವರೆಂದು ಪ್ರಸಿದ್ಧರಾದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದ ಕಥೆಯ ಹಿಂದೆ ಇರುವುದು ಸುದೀರ್ಘವಾದ ತಾಳ್ಮೆ. ರಾಗಿಯ ಹೂ ಅತಿ ಸೂಕ್ಷ್ಮವಾದುದು. ಅದು ಬಹುತೇಕ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಆದ್ದರಿಂದ ರಾಗಿಯ ತಳಿಗಾರರಲ್ಲಿ ಬಳಕೆಯಲ್ಲಿರುವ ಒಂದು ಉಪಾಯವೆಂದರೆ, ಹೂ ಅರಳುವ ಮುನ್ನ ಎರಡು ತಳಿಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟಿಬಿಡುವುದು. ತಾಯಿಯಾಗಿ ಹಸುರು ಗಿಡವನ್ನೂ ತಂದೆಯಾಗಿ ನೇರಳೆ ಛಾಯೆಯ ಗಿಡವನ್ನೂ ಇಟ್ಟುಕೊಂಡರೆ, ತಾಯಿಯ ಬೀಜದಿಂದೆದ್ದ ಅಸಂಖ್ಯ ಸಸಿಗಳಲ್ಲಿ ನೇರಳೆ ತೋರಿದ ಕೆಲವೇ ಸಸಿಗಳು ನಿಜವಾದ ಸಂಕರಗಳೆಂದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ತಲೆಮಾರಿನಲ್ಲಿಯೂ ವಂಶದೊಳಗಿನ ಮಿಶ್ರತೆ ಅರ್ಧಕ್ಕಿಳಿಯುತ್ತ, ಎರಡನೆಯ ತಲೆಮಾರಿನಲ್ಲಿ ಶೇಕಡ 50 ಇದ್ದುದು ಆರನೆಯದರಲ್ಲಿ ಶೇಕಡ 3ರ ಆಸುಪಾಸಿಗೆ ಬರುವುದು. ಅಷ್ಟಾದ ಮೇಲೆ ಮಾತ್ರ ತಳಿಯೆಂಬ ಹೆಸರು ಸಲ್ಲುತ್ತದೆ.

ತಪ್ಪು ಕಲ್ಪನೆ 4: ರೋಗ ತಾಗದ ಗಿಡವೊಂದು ದೊರೆತರೆ ರೋಗದ ಚಿಂತೆ ಶಾಶ್ವತವಾಗಿ ತೀರಿತು.

ಸತ್ಯ: ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸೀಮೆಯ ಕಾಫಿ ತೋಟವೊಂದರಲ್ಲಿ ಕೆಂಟ್ ಎಂಬ ಬೆಳೆಗಾರನು ಎಲೆತುಕ್ಕು ರೋಗಕ್ಕೆ ಜಗ್ಗದ ಗಿಡವೊಂದನ್ನು ಗುರುತಿಸಿದನು. ಅವನ ಹೆಸರನ್ನೇ ಹೊತ್ತ ಆ ತಳಿ ತೋಟದಿಂದ ತೋಟಕ್ಕೆ ಹರಡಿತು; ಆದರೆ ಅದನ್ನು ಬಾಧಿಸಬಲ್ಲ ತುಕ್ಕಿನ ಬೇರೊಂದು ಪ್ರಭೇದ ತಲೆಯೆತ್ತಿದಾಗ ಅದರ ನಿರೋಧಶಕ್ತಿ ಕುಗ್ಗಿತು. ಮುಂದೆ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಅದನ್ನೇ ಒಂದು ಪಾಲಕವಾಗಿ ಬಳಸಿ ಎಸ್. 795 ತಳಿಯನ್ನು ಪಡೆಯಲಾಯಿತು. ರೋಗಾಣುವಿನಲ್ಲಿಯೂ ಆಯ್ಕೆ ನಡೆಯುತ್ತಿರುವುದರಿಂದ, ತಳಿಗಾರನ ಆಯ್ಕೆಗೆ ಕೊನೆಯೆಂಬುದಿಲ್ಲ.

ತಪ್ಪು ಕಲ್ಪನೆ 5: ಕಣ್ಣಿಗೆ ಪ್ರಖರವಾಗಿ ಕಂಡ ದೀಪ ಗಿಡಕ್ಕೂ ಸಾಕಾಗುತ್ತದೆ.

ಸತ್ಯ: ದೀಪದ ಪೆಟ್ಟಿಗೆಯ ಮೇಲೆ ಮುದ್ರಿತವಾಗಿರುವ ಲುಮೆನ್ ಎಂಬ ಮಾನ ಮನುಷ್ಯನ ನೇತ್ರಕ್ಕಾಗಿ ಕಲ್ಪಿತವಾದುದು, 555 ನ್ಯಾನೋಮೀಟರಿನ ಹಸುರು ಬೆಳಕಿಗೆ ಅದರಲ್ಲಿ ಅಗ್ರಸ್ಥಾನ. ಗಿಡಕ್ಕೆ ಬೇಕಾದುದು 400ರಿಂದ 700 ನ್ಯಾನೋಮೀಟರಿನವರೆಗಿನ ಬೆಳಕಿನ ಕಣಗಳ ಎಣಿಕೆ, ಎಂದರೆ ಪ್ರತಿ ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ ಎಂಬ ಲೆಕ್ಕ. ರಾತ್ರಿ ಓದಲು ಬರೆಯಲು ಧಾರಾಳವೆನಿಸುವ 300 ಲಕ್ಸ್ ಬೆಳಕಿನ ನಡುಮನೆಯಲ್ಲಿ ಗಿಡಕ್ಕೆ ದಕ್ಕುವುದು 4 ಮೈಕ್ರೋಮೋಲಿನಷ್ಟು. ನಿರಭ್ರವಾದ ಮಧ್ಯಾಹ್ನದ ಬಿಸಿಲಿನಲ್ಲಿ ಅದು 2000ದ ಸಮೀಪ. ಇಷ್ಟು ಅಗಾಧವಾದ ಅಂತರ ನಮಗೆ ಅರಿವಾಗದಿರುವುದು ಕಣ್ಣು ತನ್ನನ್ನು ಕತ್ತಲೆಗೂ ಬೆಳಕಿಗೂ ಹೊಂದಿಸಿಕೊಳ್ಳುವ ಕೌಶಲದಿಂದ. ಬಿಳಿಯ ಎಲ್‌ಇಡಿಯಾದರೆ ಸಾಧಾರಣ ಲಕ್ಸ್ ಮಾಪಕದ ಅಂಕಿಯನ್ನು 70ರಿಂದ ಭಾಗಿಸಿ ಅಂದಾಜು ಪಡೆಯಬಹುದು. ಸೊಪ್ಪಿನ ಜಾತಿಗೆ 200 ಮೈಕ್ರೋಮೋಲಿನ ಬೆಳಕನ್ನು ದಿನಕ್ಕೆ 16 ಗಂಟೆ ಕೊಟ್ಟರೆ ಒಟ್ಟು 11.5 ಮೋಲ್ ಆಗಿ ಹೆಚ್ಚುಕಡಮೆ ಸಾಲುತ್ತದೆ. ಹಣ್ಣು ಬಿಡಬೇಕಾದ ಟೊಮೇಟೊ ದಿನಕ್ಕೆ 20ಕ್ಕೂ ಹೆಚ್ಚು ಮೋಲ್ ಬೇಡುತ್ತದೆ.

ತಪ್ಪು ಕಲ್ಪನೆ 6: ಗಿಡಕ್ಕೆ ನೀಲಿ, ಕೆಂಪು ಸಾಕು, ಹಸುರು ಬೆಳಕು ವ್ಯರ್ಥ.

ಸತ್ಯ: ಎಲೆ ಹಸುರಾಗಿ ಕಾಣುವುದರಿಂದ ಅದು ಹಸುರು ಬೆಳಕನ್ನೆಲ್ಲ ಹಿಂದಕ್ಕೆ ಕಳಿಸುತ್ತದೆಂಬ ಊಹೆ ಸಹಜವಾದರೂ ಸಾಧುವಲ್ಲ, ಅದರ ಬಹುಭಾಗವನ್ನು ಎಲೆ ಹೀರಿಕೊಳ್ಳುತ್ತದೆ. ಅಮೆರಿಕದ ಟೆಕ್ಸಸ್ಸಿನಲ್ಲಿ ಕೀತ್ ಮೆಕ್‌ಕ್ರೀ 22 ಬಗೆಯ ಬೆಳೆಗಳ ಎಲೆಗಳನ್ನು ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಕೆಂಪು ಎಲ್ಲಕ್ಕಿಂತ ಸಫಲವಾದರೂ ಹಸುರೂ ದ್ಯುತಿಸಂಶ್ಲೇಷಣೆಗೆ ಚೆನ್ನಾಗಿಯೇ ಒದಗುತ್ತದೆ. ಎಲೆಯ ಮೇಲ್ಪದರವೇ ನೀಲಿ ಕೆಂಪುಗಳನ್ನು ಮುಗಿಸಿಬಿಡುವುದರಿಂದ, ಒಳಪದರಗಳನ್ನೂ ಕೆಳಗಿನ ಎಲೆಗಳನ್ನೂ ತಲಪುವುದರಲ್ಲಿ ಹಸುರಿನ ಪಾಲು ಹಿರಿದು. ತಳಿಯನ್ನು ಆರಿಸುವವನಿಗಂತೂ ನೀಲಿ ಕೆಂಪುಗಳೆರಡೇ ಕೂಡಿದ ನೇರಳೆ ದೀಪ ಪ್ರತ್ಯಕ್ಷ ಶತ್ರು: ಎಲೆಯ ಹಳದಿ, ತುಕ್ಕಿನ ಚುಕ್ಕೆ, ಹಣ್ಣಿನ ನಿಜವಾದ ಬಣ್ಣ ಇವೊಂದೂ ಅದರ ಕೆಳಗೆ ಕಾಣದು. ಆತನಿಗೆ ಬಿಳಿಯ ದೀಪವೇ ಉಚಿತ.

ತಪ್ಪು ಕಲ್ಪನೆ 7: ವಾಟ್ ಹೆಚ್ಚಿದಷ್ಟೂ ಬೆಳಕು ಹೆಚ್ಚು, ಎಲ್‌ಇಡಿಗೆ ಬಿಸಿಯೇ ಇಲ್ಲ.

ಸತ್ಯ: ಹೊರಗೆ 1000 ವಾಟ್ ಎಂದು ಬರೆದಿದ್ದರೂ ವಿದ್ಯುತ್ತನ್ನು 100 ವಾಟಿನ ಆಸುಪಾಸಿನಲ್ಲಿ ಮಾತ್ರ ಸೆಳೆಯುವ ದೀಪಗಳು ಪೇಟೆಯಲ್ಲಿ ಉಂಟು. ಕೇಳಬೇಕಾದುದು ಎರಡೇ ಅಂಕಿಗಳು: ಗೋಡೆಯ ಪ್ಲಗ್ಗಿನಿಂದ ನಿಜವಾಗಿ ಸೆಳೆಯುವ ವಾಟ್, ಮತ್ತು ಪ್ರತಿ ಜೌಲಿಗೆ ಹೊರಬೀಳುವ ಮೈಕ್ರೋಮೋಲ್. ಎರಡನೆಯದು 2.5 ಇದ್ದರೆ ದೀಪ ಉತ್ತಮ. ಅರ್ಧ ಚದರ ಮೀಟರಿನ ಕಪಾಟಿನ ಅಂತಸ್ತಿಗೆ 200 ಮೈಕ್ರೋಮೋಲ್ ಬೇಕಾದಲ್ಲಿ, ಅಂತಹ ದೀಪ 40 ವಾಟಿನದಾದರೆ ಲೆಕ್ಕಕ್ಕೆ ಸರಿ. ಪಕ್ಕಕ್ಕೆ ಚೆಲ್ಲುವ ಬೆಳಕಿಗಾಗಿ ಇನ್ನೊಂದು 10 ವಾಟ್ ಸೇರಿಸಿಕೊಳ್ಳಬೇಕು. ಸೆಳೆದ ವಿದ್ಯುತ್ತೆಲ್ಲ ಕಟ್ಟಕಡೆಗೆ ಕೋಣೆಯಲ್ಲಿ ಉಷ್ಣವಾಗಿಯೇ ಪರಿಣಮಿಸುವುದರಿಂದ ಗಾಳಿಯಾಡುವ ಏರ್ಪಾಡನ್ನು ಮರೆಯಲಾಗದು.

ತಪ್ಪು ಕಲ್ಪನೆ 8: ಬೆಳಕು ಎಷ್ಟು ಹೊತ್ತು ಇದ್ದರೆ ಗಿಡಕ್ಕೆ ಅಷ್ಟು ಲಾಭ.

ಸತ್ಯ: ಚಿಕ್ಕಬಳ್ಳಾಪುರದ ಕಡೆಯ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಸಾಲುಸಾಲಾಗಿ ಉರಿಯುವ ಬಲ್ಬುಗಳನ್ನು ಕಂಡವರು, ಗಿಡಕ್ಕೆ ಹೆಚ್ಚು ಬೆಳಕು ಕೊಟ್ಟು ಬೇಗ ಹೂ ಬಿಡಿಸುವ ಉಪಾಯವಿದೆಂದು ಭಾವಿಸುವುದುಂಟು. ಉದ್ದೇಶ ಅದಕ್ಕೆ ತೀರ ವಿರುದ್ಧವಾದುದು. ಸೇವಂತಿಗೆ ದೀರ್ಘವಾದ, ಅವಿಚ್ಛಿನ್ನವಾದ ರಾತ್ರಿಯನ್ನು ಕಂಡು ಮೊಗ್ಗು ಕಟ್ಟತಕ್ಕ ಗಿಡ. ಆ ರಾತ್ರಿಯನ್ನು ಮಂದವಾದ ಬೆಳಕಿನಿಂದಲಾದರೂ ಮುರಿದರೆ ಮೊಗ್ಗು ಮುಂದಕ್ಕೆ ಹೋಗುತ್ತದೆ, ಗಿಡ ಎತ್ತರವಾಗುತ್ತದೆ, ಬೆಳೆಗಾರನಿಗೆ ಹೂವನ್ನು ಹಬ್ಬದ ಮಾರುಕಟ್ಟೆಗೆ ಹೊಂದಿಸಿಕೊಳ್ಳಲು ಅನುವಾಗುತ್ತದೆ. ಹಗಲಿನ ಉದ್ದಕ್ಕೂ ಹೂವಿಗೂ ಇರುವ ಈ ಸಂಬಂಧವನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ 1920ರಲ್ಲಿಯೇ ವಿವರಿಸಿದ್ದರು.

ಆಸ್ಟ್ರೇಲಿಯದ ಸಂಶೋಧಕರು ದಿನಕ್ಕೆ 22 ಗಂಟೆಗಳ ಬೆಳಕಿನಲ್ಲಿ ಗೋಧಿ, ಬಾರ್ಲಿ, ಕಡಲೆಗಳನ್ನು ಬೆಳೆದು ವರ್ಷಕ್ಕೆ ಆರು ತಲೆಮಾರುಗಳವರೆಗೆ ಪಡೆಯುವ ವಿಧಾನವನ್ನು 2018ರಲ್ಲಿ ವಿವರಿಸಿದಾಗ, ದೀಪವೇ ತಳಿಯನ್ನು ಉತ್ತಮಪಡಿಸುತ್ತದೆಂಬ ಮಾತೂ ಹುಟ್ಟಿತು. ದೀಪ ಉಳಿಸಿಕೊಡುವುದು ಕಾಲವನ್ನು. ಗುಣವನ್ನು ಆರಿಸುವ ಹೊಣೆ ತಳಿಗಾರನದೇ. ಅಲ್ಲದೆ ಆ ಕ್ರಮ ಎಲ್ಲ ಬೆಳೆಗೂ ಒಗ್ಗದು: ಹ್ರಸ್ವ ಹಗಲನ್ನು ಬಯಸುವ ರಾಗಿಗೆ 22 ಗಂಟೆ ಬೆಳಕು ಕೊಟ್ಟರೆ ತೆನೆಯೇ ತಡವಾಗುವುದು, ಎಡೆಬಿಡದ ಬೆಳಕಿನಲ್ಲಿ ಟೊಮೇಟೊ ಎಲೆಗಳು ಹಳದಿಗಟ್ಟುವುವು.

ತಪ್ಪು ಕಲ್ಪನೆ 9: ಒಂದೇ ದೀಪದ ಕೆಳಗಿನ ಗಿಡಗಳಿಗೆಲ್ಲ ಒಂದೇ ಬೆಳಕು, ಅಲ್ಲಿ ಗೆದ್ದುದೇ ಉತ್ತಮ ಗಿಡ.

ಸತ್ಯ: ಹೊಲದ ಬದು ಮಾಡುವ ಮೋಸವನ್ನು ಕೋಣೆಯಲ್ಲಿ ದೀಪದ ನಟ್ಟನಡು ಮಾಡುತ್ತದೆ. ದೀಪದ ಮಧ್ಯದ ಕೆಳಗೆ ನಿಂತ ಕುಂಡಕ್ಕೆ ದೊರೆಯುವ ಬೆಳಕು ಮೂಲೆಯ ಕುಂಡಕ್ಕೆ ದೊರೆಯದು. ಮೊದಲೇ ತುಸು ಎತ್ತರವಾದ ಗಿಡ ದೀಪಕ್ಕೆ ಹತ್ತಿರವಾಗಿ ಇನ್ನಷ್ಟು ಬೆಳಕನ್ನು ಪಡೆದು, ತನ್ನ ಅದೃಷ್ಟವನ್ನೇ ಯೋಗ್ಯತೆಯೆಂದು ಮೆರೆಯುತ್ತದೆ. ಆದಕಾರಣ ಗಿಡವನ್ನು ಆರಿಸುವ ಮೊದಲು ಬೆಳಕನ್ನು ಸಮಗೊಳಿಸಬೇಕು: ಎಲೆಯ ಮಟ್ಟದಲ್ಲಿ ಮೂಲೆಗಳೂ ನಡುವೂ ಸೇರಿದಂತೆ ಹಲವು ಕಡೆ ಅಳೆದು, ಒಂದೇ ಪ್ರಬಲ ದೀಪಕ್ಕೆ ಬದಲಾಗಿ ಹಲವು ಪಟ್ಟಿ ದೀಪಗಳನ್ನು ಹರಡಿ, ಆಗಲೂ ಉಳಿದ ಅಂತರವನ್ನು ವಾರಕ್ಕೊಮ್ಮೆ ಕುಂಡಗಳ ಸ್ಥಾನ ಬದಲಿಸಿ ತೀರಿಸಬೇಕು. ಗುಣ ಗೊತ್ತಿರುವ ಒಂದು ಹಳೆಯ ತಳಿಯ ಕೆಲವು ಕುಂಡಗಳನ್ನು ನಡುನಡುವೆ ಇಟ್ಟರೆ, ಹೊಸ ಗಿಡಗಳನ್ನು ತೂಗಲು ಅದೇ ಅಳತೆಗೋಲಾಗುವುದು. ಹೀಗೆ ಆರಿಸಿದುದರ ಬೀಜವನ್ನು ಗಿಡವಾರು ಬೇರೆಯಾಗಿ ಬಿತ್ತಿ, ಸಂತತಿಯಲ್ಲಿಯೂ ಆ ಗುಣ ನಿಂತರೆ ಮಾತ್ರ ಆಯ್ಕೆ ಸರಿಯಾಯಿತೆನ್ನಬಹುದು. ಹೊಲಕ್ಕಾಗಿ ತಳಿ ಬೇಕಾದವರು ಇದಕ್ಕೆ ಮತ್ತೊಂದು ಹೆಜ್ಜೆಯನ್ನು ಸೇರಿಸಲೇಬೇಕು. ಏಕೆಂದರೆ ಕೋಣೆಯ ಗಿಡ ಗಾಳಿಯನ್ನೂ ಕೀಟವನ್ನೂ ಮಳೆ ಬಾರದ ವಾರಗಳನ್ನೂ ಅರಿಯದು, ಅರಿಯದ ಕಷ್ಟವನ್ನು ತಾಳಿಕೊಳ್ಳುವ ಗುಣವನ್ನು ಅಲ್ಲಿ ಆರಿಸುವುದಕ್ಕೂ ಆಗದು. ದೀಪದ ಕೆಳಗೆ ತಲೆಮಾರುಗಳನ್ನು ಬೇಗಬೇಗ ದಾಟಿಸಿಕೊಂಡರೂ, ಕಡೆಯ ಎರಡು ಮೂರು ತಲೆಮಾರುಗಳ ಆಯ್ಕೆಯನ್ನು ತಳಿ ಬಾಳಬೇಕಾದ ನೆಲದಲ್ಲಿಯೇ ನಡೆಸತಕ್ಕದ್ದು.