ಪರದೆಯ ಹಿಂದಿನ ಪಿಟೀಲು

ನಮ್ಮ ದ್ವಿತೀಯ ಪಿಯುಸಿ ಉತ್ತರ ಪತ್ರಿಕೆಯಲ್ಲಿ ಹೆಸರು ಬರೆಯುವಂತಿಲ್ಲ, ರಿಜಿಸ್ಟರ್ ನಂಬರ್ ಮಾತ್ರ. "ಒಳ್ಳೆಯದೇ ಆಯಿತು, ನಂಬರಿಗೆ ಜಾತಿಯೂ ಇಲ್ಲ, ಧರ್ಮವೂ ಇಲ್ಲ" ಎನ್ನುತ್ತಿದ್ದಳು ನನ್ನ ಅಕ್ಕ. ಅಮೆರಿಕದ ಆರ್ಕೆಸ್ಟ್ರಾಗಳ ಬಗ್ಗೆ ಓದುವಾಗ ಆ ಮಾತು ನೆನಪಾಯಿತು. ಆರ್ಕೆಸ್ಟ್ರಾ ಎಂದರೆ ನಮ್ಮ ಮದುವೆ ಹಾಲ್‌ನದ್ದಲ್ಲ. ಬೀಥೋವನ್, ಮೊಜಾರ್ಟ್ ಕೃತಿಗಳನ್ನು ಎಂಬತ್ತು–ನೂರು ಮಂದಿ ಒಟ್ಟಿಗೆ ನುಡಿಸುವ ತಂಡ.

ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಶುರುವಾದದ್ದು 1842ರಲ್ಲಿ. ಅದಕ್ಕೆ ಮೊದಲ ಕಪ್ಪು ಜನಾಂಗದ ಕಾಯಂ ವಾದಕರಾಗಿ ಪಿಟೀಲಿನ ಸ್ಯಾನ್‌ಫರ್ಡ್ ಆಲನ್ ಸೇರಿದ್ದು 1962ರಲ್ಲಿ. ನೂರಿಪ್ಪತ್ತು ವರ್ಷ! 1969ರಲ್ಲಿ ಆರ್ಟ್ ಡೇವಿಸ್, ಅರ್ಲ್ ಮ್ಯಾಡಿಸನ್ ಎಂಬ ಇಬ್ಬರು ವಾದಕರು, ಬಣ್ಣ ನೋಡಿ ತಮ್ಮನ್ನು ಬಿಟ್ಟಿದ್ದಾರೆಂದು ನಗರದ ಮಾನವ ಹಕ್ಕು ಆಯೋಗಕ್ಕೆ ದೂರಿತ್ತರು. ಅವರಿಬ್ಬರ ಆಯ್ಕೆಯಲ್ಲಿ ತಾರತಮ್ಯ ಸಾಬೀತಾಗಲಿಲ್ಲ. ಆದರೆ ಬದಲಿ ವಾದಕರನ್ನು ಕರೆಯುವುದರಲ್ಲಿ ತಾರತಮ್ಯ ಇದೆ ಎಂದು ಆಯೋಗ ಹೇಳಿತು.

1970ರ ದಶಕದಿಂದ ಅನೇಕ ಆರ್ಕೆಸ್ಟ್ರಾಗಳು ಆಯ್ಕೆಯ ಹೊತ್ತಿನಲ್ಲಿ ಪರದೆ ಕಟ್ಟತೊಡಗಿದವು. ತೀರ್ಪುಗಾರರಿಗೆ ನಾದ ಮಾತ್ರ ಕೇಳಬೇಕು, ಮುಖ ಕಾಣಬಾರದು. ಹೈ ಹೀಲ್ಸ್ ಸದ್ದಿನಿಂದ ಹೆಣ್ಣೆಂದು ತಿಳಿಯದಿರಲಿ ಎಂದು ಕೆಲವೆಡೆ ಕಾರ್ಪೆಟ್ಟನ್ನೂ ಹಾಸಿದರು. ಮಹಿಳೆಯರ ಸಂಖ್ಯೆ ಚೆನ್ನಾಗಿಯೇ ಏರಿತು. ಕಪ್ಪು ಜನರದ್ದು ಏರಲಿಲ್ಲ: 2014ರಲ್ಲಿ ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಅವರ ಪಾಲು ಶೇ. 2ಕ್ಕಿಂತಲೂ ಕಡಿಮೆ. ಜನಸಂಖ್ಯೆಯಲ್ಲಿ ಮಾತ್ರ ಸುಮಾರು ಶೇ. 13.

ಯಾಕೆ? ಪರದೆಯ ತನಕ ತಲುಪುವುದೇ ಕಷ್ಟ. ಆರೇಳು ವರ್ಷದಲ್ಲೇ ಪಾಠ ಶುರುವಾಗಬೇಕು, ದುಬಾರಿ ವಾದ್ಯ ಬೇಕು, ಊರೂರಿಗೆ ವಿಮಾನದಲ್ಲಿ ಹೋಗಿ ಆಯ್ಕೆಗೆ ನಿಲ್ಲಬೇಕು. ನನ್ನ ಅಕ್ಕನೂ ನಂಬರ್ ಹಾಕಿಯೇ ಬರೆದವಳು. ಸಿಇಟಿ ಕೋಚಿಂಗ್ ಫೀಸಿಗೆ ಮಾತ್ರ ಮನೆಯಲ್ಲಿ ಹಣ ಹೊಂದಲಿಲ್ಲ.

ಇದನ್ನು ಅರಿತವರು ಕೆಳಗಿನಿಂದ ಕೆಲಸ ಶುರು ಮಾಡಿದರು. 1997ರಲ್ಲಿ ಏರನ್ ಡ್ವಾರ್ಕಿನ್ ಸ್ಥಾಪಿಸಿದ ಸ್ಫಿಂಕ್ಸ್ ಸಂಸ್ಥೆ ಕಪ್ಪು ಮತ್ತು ಲ್ಯಾಟಿನೋ ಮಕ್ಕಳಿಗೆ ಪಾಠ, ಸ್ಪರ್ಧೆ, ವಿದ್ಯಾರ್ಥಿವೇತನ ಒದಗಿಸುತ್ತಿದೆ. 2018ರಿಂದ ಅದು ಇತರರ ಜೊತೆ ಸೇರಿ ಆಯ್ಕೆಗೆ ಹೋಗುವವರ ಪ್ರಯಾಣದ ಖರ್ಚಿಗೂ ನೆರವಾಗುತ್ತಿದೆ. ಇಂಗ್ಲೆಂಡಿನಲ್ಲಿ ಚಿ-ಚಿ ವಾನೊಕು 2015ರಲ್ಲಿ ಚಿನೆಕೆ ಎಂಬ ಆರ್ಕೆಸ್ಟ್ರಾವನ್ನೇ ಕಟ್ಟಿದರು.

ಪರದೆಯನ್ನೇ ತೆಗೆದುಬಿಡಿ, ಬಣ್ಣ ನೋಡಿಯೇ ಅವಕಾಶ ಕೊಡಿ ಎನ್ನುವವರೂ ಈಗ ಇದ್ದಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಪರದೆ ಇರಲಿ, ಟಿಕೆಟ್ಟಿನ ದುಡ್ಡೂ ಸಿಗಲಿ. ಅಕ್ಕನನ್ನು ಕೇಳಿದೆ. "ದುಡ್ಡು ಮೊದಲು" ಎಂದಳು.